ಕಂಪ್ಯೂಟರ್ ಸೈನ್ಸ್ ಓದಿದ ಮಗಳು ಡಾಕ್ಟರ್ ಆಗ್ತೀನಿ ಅಂತಾಳೆ. ಯಾವ ಪೋಸ್ಟ್‌ಬ್ಯಾಕ್ ಸೇರಿಸಲಿ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ನ್ಯೂಜೆರ್ಸಿಗೆ ಬಂದು 25 ವರ್ಷ ಆಯಿತು, ಮನೆಮಂದಿಯೆಲ್ಲ ಈಗ ಇಲ್ಲಿನ ಸಿಟಿಜನ್. ಮಗಳಿಗೆ 26. ಇಲ್ಲೇ ಸರ್ಕಾರಿ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ನಾಲ್ಕು ವರ್ಷದಿಂದ ಒಳ್ಳೆ ಕೆಲಸದಲ್ಲಿದ್ದಾಳೆ. ಹೋದ ವರ್ಷ ನಮ್ಮ ಅಮ್ಮ ಇಲ್ಲಿಗೆ ಬಂದಿದ್ದಾಗ ಸ್ಟ್ರೋಕ್ ಆಯಿತು. ಏಳು ವಾರ ಆಸ್ಪತ್ರೆ, ರಿಹ್ಯಾಬ್. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಮಗಳೇ ಪಕ್ಕದಲ್ಲಿ ಕೂತು ಡಾಕ್ಟರ್ ಹತ್ತಿರ ಎಲ್ಲ ಹೇಳಿ, ಕೇಳಿ ಮಾಡಿದಳು. ಅಲ್ಲಿಂದ ಶುರು, ಕೆಲಸ ಬಿಟ್ಟು ಡಾಕ್ಟರ್ ಆಗ್ತೀನಿ ಅಂತ. ಅದಕ್ಕೆ ಮೊದಲು ಪೋಸ್ಟ್‌ಬ್ಯಾಕ್ ಅಂತ, ಪದವಿ ಆದ ಮೇಲಿನ ಸೈನ್ಸ್ ಕೋರ್ಸ್ ಮಾಡಬೇಕಂತೆ. ಮೂರು ನೋಡಿಟ್ಟಿದ್ದಾಳೆ. ಒಂದು ಖಾಸಗಿ ಕಾಲೇಜಿನದು, ಒಂದು ವರ್ಷ. ಫೀಸು, ಊಟ, ವಸತಿ ಎಲ್ಲ ಸೇರಿ 60 ಸಾವಿರ ಡಾಲರ್ ಹತ್ತಿರ. 'ಲಿಂಕೇಜ್' ಇದೆ, ನೂರಕ್ಕೆ ತೊಂಬತ್ತು ಜನಕ್ಕೆ ಸೀಟು ಸಿಗುತ್ತದೆ ಅನ್ನುತ್ತಾರೆ. ಇನ್ನೊಂದು ಮನೆ ಹತ್ತಿರದ ಯೂನಿವರ್ಸಿಟಿಯಲ್ಲಿ ಸಂಜೆ ಹೊತ್ತು ಬಿಡಿಬಿಡಿಯಾಗಿ ಕ್ಲಾಸು. ಮೂರನೆಯದು ಬಯೋಮೆಡಿಕಲ್ ಸೈನ್ಸ್‌ನಲ್ಲಿ ಆನ್‌ಲೈನ್ ಮಾಸ್ಟರ್ಸ್. ಅವಳ ಟ್ರಾನ್ಸ್‌ಕ್ರಿಪ್ಟ್ ಜೊತೆಗಿಟ್ಟಿದ್ದೇನೆ, ಒಟ್ಟು ಜಿಪಿಎ 4ಕ್ಕೆ 3.2. ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಸಿ, ಬಯಾಲಜಿಯಲ್ಲಿ ಬಿ ಮೈನಸ್ ಬಂದಿತ್ತು. ಆಮೇಲೆ ಆ ಕಡೆ ಹೋಗಲಿಲ್ಲ. ಅದು ಹಳೇ ಕಥೆ ಬಿಡಿ. ನನ್ನ ಭಾವಮೈದ ಬೆಂಗಳೂರಿಂದ ಫೋನ್ ಮಾಡಿ, ಅಷ್ಟು ದುಡ್ಡು ಸುರಿಯೋ ಬದಲು ಇಲ್ಲೇ ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಮಾಡಿಸಿ ಅಂತಾನೆ. ವಯಸ್ಸು ಬೇರೆ ಆಗುತ್ತಿದೆ, ಮದುವೆ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಮೂರರಲ್ಲಿ ಯಾವುದಕ್ಕೆ ಸೇರಿಸಲಿ? ಕೊನೆಗೆ ಇನ್ನೊಂದು. ನನ್ನ ಹೆಂಡತಿಯ ತಂಗಿ ಊರಲ್ಲಿ ಬಿಡಿಎಸ್ ಮಾಡಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಬಂದಿದ್ದಾಳೆ. ಅವಳೂ ಇದೇ ಕೋರ್ಸ್ ಮಾಡಬಹುದಾ?

ಉತ್ತರ: ನಮಸ್ಕಾರ. ನೀವು ಕೇಳಿರುವುದು ಮೂರರಲ್ಲಿ ಯಾವುದು ಅಂತ. ಆದರೆ ಪತ್ರದ ತುಂಬ ಇರುವ ಚಿಂತೆ ಬೇರೆ. ಕೈಯಲ್ಲಿರುವ ಕೆಲಸ ಬಿಟ್ಟು, ಅಷ್ಟು ದುಡ್ಡು ಹಾಕಿ, ಎರಡು ಮೂರು ವರ್ಷ ಕಳೆದ ಮೇಲೂ ಮೆಡಿಕಲ್ ಸೀಟು ಸಿಗದಿದ್ದರೆ ಏನು ಗತಿ? ಇದು ಸುಮ್ನೆ ಹೆದರಿಕೆ ಅಲ್ಲ. ಇಲ್ಲಿ ಡಾಕ್ಟರ್ ಡಿಗ್ರಿಯಾದ ಎಂ.ಡಿ. ಕೊಡುವ ಕಾಲೇಜುಗಳಿಗೆ ವರ್ಷಕ್ಕೆ ಸುಮಾರು 52 ಸಾವಿರ ಜನ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23 ಸಾವಿರ. ಅರ್ಧಕ್ಕಿಂತ ಜಾಸ್ತಿ ಜನ ಬರಿಗೈಯಲ್ಲಿ ವಾಪಸ್. ಪ್ರೀಮೆಡ್, ಅಂದರೆ ಮೆಡಿಕಲ್ ಸೇರಲು ತಯಾರಾಗುವ ಮಕ್ಕಳಿಗೆ ಸಲಹೆ ಕೊಡುವ ಕೆಲಸದಲ್ಲಿ ನನಗೆ 18 ವರ್ಷ ಆಯಿತು. ನಿಮ್ಮ ಭಯ ನಿಜವಾಗಿದ್ದನ್ನೂ ಕಂಡಿದ್ದೇನೆ, ಸುಳ್ಳಾಗಿದ್ದನ್ನೂ ಕಂಡಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 60 ಸಾವಿರದ ಮೇಲಲ್ಲ. 'ಅದು ಹಳೇ ಕಥೆ ಬಿಡಿ' ಅಂದಿರಲ್ಲ, ಅಲ್ಲಿ. ಆ ಸಿ ಗ್ರೇಡು ಹಳೇ ಕಥೆ ಅಲ್ಲ. ಮೂರರಲ್ಲಿ ಯಾವುದು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಯಾಕೆ ಅಂತ ಹೇಳುತ್ತೇನೆ.

ಊರಿನಿಂದ ಓದುವವರಿಗಾಗಿ ಎರಡು ಮಾತು ಮೊದಲು. ನಮ್ಮಲ್ಲಿ ಪಿಯುಸಿ ಆದ ತಕ್ಷಣ ನೀಟ್ ಬರೆದು ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್. ಕೊನೆಗೆ ಸಿಗುವ ಡಿಗ್ರಿಯ ಹೆಸರು ಎಂ.ಡಿ., ಆದರೆ ಅದು ನಮ್ಮ ಎಂಬಿಬಿಎಸ್ ಜಾಗದಲ್ಲಿರುವ ಡಿಗ್ರಿ. ಪದವಿ ಯಾವ ವಿಷಯದಲ್ಲಾದರೂ ಇರಬಹುದು, ಸಂಗೀತ ಓದಿದವರೂ ಸೇರುತ್ತಾರೆ. ಆದರೆ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವಿಷ್ಟನ್ನು ಸಾಮಾನ್ಯವಾಗಿ ಲ್ಯಾಬ್ ಸಮೇತ ತಲಾ ಒಂದು ವರ್ಷ ಓದಿರಬೇಕು. ಜೊತೆಗೆ ಬಯೋಕೆಮಿಸ್ಟ್ರಿ. ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಸೈಕಾಲಜಿ, ಸೋಶಿಯಾಲಜಿಯೂ ಬೇಕು. ಪದವಿ ಮುಗಿದ ಮೇಲೆ ಇವನ್ನು ಓದಿಕೊಳ್ಳುವುದಕ್ಕೇ ಪೋಸ್ಟ್‌ಬ್ಯಾಕ್ ಅನ್ನುವುದು. ಕೊನೆಯಲ್ಲಿ ಕೆಲವು ಕಡೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ಮೆಡಿಕಲ್ ಕಾಲೇಜಿನವರು ಕೇಳುವುದೇ ಇಲ್ಲ. ಅವರು ನೋಡುವುದು ಗ್ರೇಡು.

ಪೋಸ್ಟ್‌ಬ್ಯಾಕ್ ಅಂತ ಒಂದೇ ಹೆಸರಿದ್ದರೂ ಒಳಗೆ ಬೇರೆ ಬೇರೆ ಜಾತಿ ಇವೆ. ಒಂದು, ಸೈನ್ಸ್ ಮುಟ್ಟದೇ ಇದ್ದವರು ಹೊಸದಾಗಿ ದಾರಿ ಬದಲಿಸುವುದಕ್ಕೆ. ಇಂಥವರನ್ನು ಇಲ್ಲಿ ಕರಿಯರ್ ಚೇಂಜರ್ ಅನ್ನುತ್ತಾರೆ. ಪೆನ್ಸಿಲ್ವೇನಿಯದ ಬ್ರಿನ್ ಮಾರ್, ಮೇರಿಲ್ಯಾಂಡ್‌ನ ಗೌಚರ್, ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಇವು ಈ ಪೈಕಿ ಹೆಸರಾದವು. ನಿಮ್ಮ ಹತ್ತಿರದ ನ್ಯೂಯಾರ್ಕ್‌ನಲ್ಲಿ ಕೊಲಂಬಿಯ ಯೂನಿವರ್ಸಿಟಿಯದು 1955ರಿಂದ ನಡೆಯುತ್ತಿದೆ, ಈ ಥರದ ಕೋರ್ಸ್‌ಗಳಲ್ಲಿ ಹಳೆಯದು ಅದು. ಎರಡನೆಯ ಜಾತಿ, ಸೈನ್ಸ್ ಓದಿ ಗ್ರೇಡು ಕೆಡಿಸಿಕೊಂಡವರು ಅದನ್ನು ರಿಪೇರಿ ಮಾಡಿಕೊಳ್ಳುವುದಕ್ಕೆ. ಮೂರನೆಯದು ಸ್ಪೆಷಲ್ ಮಾಸ್ಟರ್ಸ್. ಬೇಕಾದ ಎಲ್ಲ ಕೋರ್ಸ್ ಮುಗಿಸಿ, ಎಂಕ್ಯಾಟ್ ಕೂಡ ಬರೆದು, ಜಿಪಿಎ ಸಾಲದೆ ನಿಂತವರಿಗೆ. ಎಎಎಂಸಿ ಅಂದರೆ ಇಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ. ಅದರ ವೆಬ್‌ಸೈಟಿನಲ್ಲಿ ಈ ಪ್ರೋಗ್ರಾಂಗಳ ಪಟ್ಟಿ ಬಿಟ್ಟಿ ಸಿಗುತ್ತದೆ, ಯಾವ ಜಾತಿಯದು ಅಂತ ಆರಿಸಿ ನೋಡಬಹುದು. ಅಂದಹಾಗೆ ಇವಕ್ಕೆ ಅಧಿಕೃತ ರ‍್ಯಾಂಕಿಂಗ್ ಅಂತ ಯಾವುದೂ ಇಲ್ಲ. 'ಟಾಪ್ ಟೆನ್' ಪಟ್ಟಿಗಳೆಲ್ಲ ಯಾರೋ ಕೂತು ಬರೆದದ್ದು.

ಈಗ ನಿಮ್ಮ ಮಗಳ ವಿಷಯ. ಕಂಪ್ಯೂಟರ್ ಸೈನ್ಸ್ ಓದಿದವಳು ಅಂದ ತಕ್ಷಣ ಕರಿಯರ್ ಚೇಂಜರ್ ಅಂತ ಅನ್ನಿಸುತ್ತದೆ. ಮುಕ್ಕಾಲು ಪಾಲು ನಿಜ. ಆದರೆ ಮೊದಲ ವರ್ಷ ಕೆಮಿಸ್ಟ್ರಿ, ಬಯಾಲಜಿ ಎರಡನ್ನೂ ಒಟ್ಟಿಗೆ ತಗೊಂಡು, ಸಿ ಬಂದ ಮೇಲೆ ಬಿಟ್ಟಿದ್ದಾಳೆ. ಇಂಥ ಟ್ರಾನ್ಸ್‌ಕ್ರಿಪ್ಟನ್ನು ನಾನು ಸಾಕಷ್ಟು ನೋಡಿದ್ದೇನೆ. ಬಹುಶಃ ಆಗಲೂ ಅವಳ ಮನಸ್ಸಿನಲ್ಲಿ ಪ್ರೀಮೆಡ್ ಇತ್ತು. ಕೇಳಿ ನೋಡಿ. ಹಾಗಿದ್ದರೆ ಅವಳು ಹೊಸದಾಗಿ ಬರುತ್ತಿಲ್ಲ, ಒಮ್ಮೆ ವಾಪಸ್ ಹೋಗಿ ಮತ್ತೆ ಬರುತ್ತಿದ್ದಾಳೆ. ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂನಲ್ಲಿ ಕೇಳುವುದೂ ಅದನ್ನೇ. ಆಗ ಯಾಕೆ ಬಿಟ್ಟೆ, ಈಗ ಏನು ಬದಲಾಗಿದೆ? 'ಅಜ್ಜಿಗೆ ಸ್ಟ್ರೋಕ್ ಆಯಿತು' ಅನ್ನುವುದು ಎರಡನೆಯ ಪ್ರಶ್ನೆಗೆ ಒಳ್ಳೆ ಉತ್ತರ. ಮೊದಲನೆಯದಕ್ಕೆ ಅಲ್ಲ.

ನೀವು ಕಳಿಸಿದ ಗ್ರೇಡುಗಳನ್ನು ಲೆಕ್ಕ ಹಾಕಿ ನೋಡಿದೆ. ಇಲ್ಲಿನ ಅರ್ಜಿ ವ್ಯವಸ್ಥೆಗೆ ಆಮ್‌ಕ್ಯಾಸ್ ಅಂತ ಹೆಸರು. ಅದು ಎರಡು ಜಿಪಿಎ ಹಾಕುತ್ತದೆ, ಒಟ್ಟು ಒಂದು, ಸೈನ್ಸ್ ಒಂದು. ಸೈನ್ಸ್ ಅಂದರೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಮಾತ್ರ. ಕಂಪ್ಯೂಟರ್ ಸೈನ್ಸ್ ಅದರಲ್ಲಿ ಬರುವುದಿಲ್ಲ. ನಿಮ್ಮ ಮಗಳ ಒಟ್ಟು 120 ಕ್ರೆಡಿಟ್‌ನಲ್ಲಿ ಹಾಗೆ ಸೈನ್ಸ್ ಅಂತ ಲೆಕ್ಕಕ್ಕೆ ಬರುವುದು 19. ಎರಡು ಕ್ಯಾಲ್ಕುಲಸ್, ಒಂದು ಸ್ಟ್ಯಾಟಿಸ್ಟಿಕ್ಸ್, ಆ ಕೆಮಿಸ್ಟ್ರಿ, ಆ ಬಯಾಲಜಿ. ಇವುಗಳ ಜಿಪಿಎ ಸುಮಾರು 3.1. ಈಗ ಅವಳು 32 ಕ್ರೆಡಿಟ್ ಸೈನ್ಸ್ ಓದಿ ಸರಾಸರಿ 3.8 ತೆಗೆದಳು ಅಂತಿಟ್ಟುಕೊಳ್ಳಿ. ಒಟ್ಟು ಜಿಪಿಎ 3.2ರಿಂದ 3.33ಕ್ಕೆ ಬರುತ್ತದೆ, ಅಷ್ಟೇ. ಆದರೆ ಸೈನ್ಸ್ ಜಿಪಿಎ 3.1ರಿಂದ 3.54ಕ್ಕೆ ಏರುತ್ತದೆ. ಹಳೇ ಸೈನ್ಸ್ ಕ್ರೆಡಿಟ್ ಕಡಿಮೆ ಇರುವುದರಿಂದ ಹೊಸ ಗ್ರೇಡಿಗೆ ತೂಕ ಜಾಸ್ತಿ. ಜೊತೆಗೆ ಪೋಸ್ಟ್‌ಬ್ಯಾಕ್ ಗ್ರೇಡುಗಳು ಅರ್ಜಿಯಲ್ಲಿ ಬೇರೆ ಸಾಲಿನಲ್ಲೇ ಕಾಣುತ್ತವೆ. ಓದುವವರಿಗೆ ಅಲ್ಲಿ 3.8 ಎದ್ದು ಕಾಣುತ್ತದೆ.

ಎಂ.ಡಿ. ಸೇರುವವರ ಸರಾಸರಿ ಒಟ್ಟು ಜಿಪಿಎ 3.77ರ ಆಸುಪಾಸು. ಎಂಕ್ಯಾಟ್ 528ಕ್ಕೆ 511, 512. ಅಂದರೆ 3.33 ಇಟ್ಟುಕೊಂಡು ಹೋಗುವವಳಿಗೆ ಹೊಸ ಗ್ರೇಡೂ ಗಟ್ಟಿ ಇರಬೇಕು, ಎಂಕ್ಯಾಟೂ ಗಟ್ಟಿ ಇರಬೇಕು. ಆಗದ ಕೆಲಸ ಅಲ್ಲ. ಆದರೆ ಇನ್ನೊಂದು ಸಿ ಬರುವುದಕ್ಕೆ ಜಾಗ ಇಲ್ಲ. ಹಳೇ ಕೆಮಿಸ್ಟ್ರಿಯನ್ನು ಮತ್ತೆ ಓದಿದರೆ ಹಳೇ ಗ್ರೇಡು ಅಳಿಸಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಮ್‌ಕ್ಯಾಸ್ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ. ಡಿ.ಓ. (ಆಸ್ಟಿಯೋಪಥಿಕ್ ಮೆಡಿಸಿನ್, ಇಲ್ಲಿ ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಕಾಲೇಜುಗಳ ಅರ್ಜಿಯಲ್ಲಿ ಮೊದಲು ಹೊಸ ಗ್ರೇಡನ್ನು ಮಾತ್ರ ಹಿಡಿಯುತ್ತಿದ್ದರು, 2017ರಿಂದ ಅದೂ ಹೋಯಿತು. ಆದರೂ ಅವಳು ಕೆಮಿಸ್ಟ್ರಿ ಮೊದಲಿನಿಂದ ಓದಲಿ ಅಂತಲೇ ನಾನು ಹೇಳುವುದು. ಏಳೆಂಟು ವರ್ಷ ಆಗಿದೆ. ಆ ಅಡಿಪಾಯದ ಮೇಲೆ ಆರ್ಗ್ಯಾನಿಕ್ ನಿಲ್ಲುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಮೂರೂ ಪ್ರೋಗ್ರಾಂ ನೋಡೋಣ. ಆನ್‌ಲೈನ್ ಮಾಸ್ಟರ್ಸ್ ಮೊದಲು ತೆಗೆದುಬಿಡಿ. ಮೆಡಿಕಲ್‌ಗೆ ಬೇಕಾದ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಅದರಲ್ಲಿ ಇಲ್ಲ, ಲ್ಯಾಬ್ ಅಂತೂ ಇಲ್ಲವೇ ಇಲ್ಲ. ಮಾಸ್ಟರ್ಸ್ ಗ್ರೇಡು ಪದವಿಯ ಜಿಪಿಎಗೆ ಸೇರುವುದೂ ಇಲ್ಲ, ಬೇರೆಯಾಗೇ ಉಳಿಯುತ್ತದೆ. ಸ್ಪೆಷಲ್ ಮಾಸ್ಟರ್ಸ್ ಅಂದೆನಲ್ಲ, ಜಾರ್ಜ್‌ಟೌನ್, ಬಾಸ್ಟನ್ ಯೂನಿವರ್ಸಿಟಿಯಂಥ ಕಡೆ ಇರುವುದು, ಅದರ ಕಥೆ ಬೇರೆ. ಅಲ್ಲಿ ಮೆಡಿಕಲ್ ಮೊದಲ ವರ್ಷದ ಮಟ್ಟದ ಪಾಠ ಇರುತ್ತದೆ. ಚೆನ್ನಾಗಿ ಮಾಡಿದರೆ ಬಾಗಿಲು ತೆರೆಯುತ್ತದೆ. ಅಲ್ಲೇ ಎಡವಿದರೆ 'ಮೆಡಿಕಲ್ ಪಾಠ ಇವರಿಂದ ಆಗಲ್ಲ' ಅಂತ ಬರೆದು ಕೊಟ್ಟ ಹಾಗೆ. ಆ ಜೂಜು ನಿಮ್ಮ ಮಗಳಿಗೆ ಈಗ ಬೇಕಾಗಿಲ್ಲ.

ಖಾಸಗಿ ಕಾಲೇಜಿನ ಒಂದು ವರ್ಷದ ಕೋರ್ಸ್. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಣ್ಣ ಕ್ಲಾಸು, ಹೆಗಲ ಮೇಲೆ ಕೈ ಹಾಕಿ ನಡೆಸುವ ಸಲಹೆಗಾರರು, ಕೊನೆಗೆ ಕಾಲೇಜಿನ ಪರವಾಗಿ ಒಂದು ಕಮಿಟಿ ಲೆಟರ್, ಅಂದರೆ ಶಿಫಾರಸು ಪತ್ರ. ಈ ಲೆಟರಿಗೆ ಬೆಲೆ ಇದೆ. ಆದರೆ ಒಂದು ವರ್ಷದಲ್ಲಿ ಹೇಗೆ ಮುಗಿಸುತ್ತಾರೆ ಅಂತ ತಿಳಿದಿರಲಿ. ಜನರಲ್ ಕೆಮಿಸ್ಟ್ರಿ ಆಗದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ. ಈ ಸರಪಣಿಗೆ ಮಾಮೂಲಾಗಿ ಎರಡು ವರ್ಷ ಮೀರುತ್ತದೆ. ಅದನ್ನು ಕುಗ್ಗಿಸುವುದಕ್ಕೆ ಇರುವ ಉಪಾಯ ಬೇಸಿಗೆ ಒಂದೇ. ಇಡೀ ವರ್ಷದ ಜನರಲ್ ಕೆಮಿಸ್ಟ್ರಿಯನ್ನು ಬೇಸಿಗೆಯ ಎಂಟು ಹತ್ತು ವಾರಕ್ಕೆ ಹಿಂಡಿ ಕುಡಿಸುತ್ತಾರೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ವಾರ ಬಿಟ್ಟು ವಾರ ಪರೀಕ್ಷೆ. ಕೆಮಿಸ್ಟ್ರಿಯಲ್ಲಿ ಒಮ್ಮೆ ಎಡವಿದವಳನ್ನು, ಓದು ಬಿಟ್ಟು ನಾಲ್ಕು ವರ್ಷ ಆದವಳನ್ನು, ಮೊದಲ ದಿನವೇ ಆ ಓಟಕ್ಕೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಕೆಲಸದ ಶುರುವಿನಲ್ಲಿ ನಾನೂ ಹೆಸರು ನೋಡಿ ಇಂಥ ಕಡೆ ಕಳಿಸುತ್ತಿದ್ದೆ. ಒಬ್ಬ ಹುಡುಗ ಮೇ ತಿಂಗಳಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಹೋದವನು ಆಗಸ್ಟ್‌ನಲ್ಲಿ ಸಿ ಪ್ಲಸ್ ಹಿಡಿದು ನನ್ನ ಮುಂದೆ ಬಂದು ಕೂತ. ದಡ್ಡ ಅಲ್ಲ ಅವನು. ನಾನು ಅವನನ್ನು ಹಾಗೆ ಕಳಿಸಬಾರದಿತ್ತು.

ಇನ್ನೂ ಒಂದು. ಈ ಥರದ ಹೆಸರಾದ ಪ್ರೋಗ್ರಾಂಗಳು ಸೈನ್ಸ್ ಹೆಚ್ಚು ಓದದವರನ್ನೇ ಆರಿಸುತ್ತವೆ, ಹಳೇ ಗ್ರೇಡೂ ನೋಡುತ್ತವೆ. ಒಂದೆರಡು ಸೈನ್ಸ್ ಕೋರ್ಸ್ ಮಾಡಿದ್ದರೆ ತೊಂದರೆ ಇಲ್ಲ. ಆದರೆ 3.2 ಮತ್ತು ಒಂದು ಸಿ ಇಟ್ಟುಕೊಂಡವಳನ್ನು ಯಾವುದೋ ಪ್ರೋಗ್ರಾಂ ಕಣ್ಣು ಮಿಟುಕಿಸದೆ, ದುಡ್ಡು ಕಟ್ಟಿ ಬನ್ನಿ ಅಂತ ಕರೆದರೆ, ಅದು ಎಲ್ಲರನ್ನೂ ಕರೆಯುತ್ತದೆ ಅಂತ ಅರ್ಥ. ಆಗ ತೊಂಬತ್ತು ಪರ್ಸೆಂಟ್ ಎಲ್ಲಿಂದ ಬಂತು ಅಂತ ಕೇಳಬೇಕು.

ಆ ತೊಂಬತ್ತರ ಬಗ್ಗೆ ಸ್ವಲ್ಪ ಹೇಳಲೇಬೇಕು. ಪಿಯುಸಿ ರಿಸಲ್ಟ್ ಬಂದ ಮರುದಿನ ಪೇಪರಿನಲ್ಲಿ ಪುಟ ತುಂಬ ಮಕ್ಕಳ ಫೋಟೋ ಹಾಕಿರುತ್ತಾರಲ್ಲ, ಕೋಚಿಂಗ್ ಕಾಲೇಜಿನವರು? ನೂರು ಮುಖ ಕಾಣುತ್ತದೆ. ಸೇರಿದ್ದು ಎಷ್ಟು ಸಾವಿರ ಅಂತ ಕಾಣುವುದಿಲ್ಲ. ಇಲ್ಲೂ ಹಾಗೇ. ನೂರಕ್ಕೆ ತೊಂಬತ್ತು ಅಂದರೆ ಯಾವ ನೂರು? ಸೇರಿದವರಲ್ಲೋ, ಮುಗಿಸಿದವರಲ್ಲೋ, ಅರ್ಜಿ ಹಾಕಿದವರಲ್ಲೋ? ಕೆಲವು ಕಡೆ ಕಾಲೇಜಿನ ಕಮಿಟಿ 'ಈ ವರ್ಷ ನೀನು ಅರ್ಜಿ ಹಾಕಬೇಡ, ಲೆಟರ್ ಕೊಡಲ್ಲ' ಅಂತ ಹಿಂದಿನ ಸಾಲಿನವರನ್ನು ತಡೆಯುತ್ತದೆ. ಅವರು ಆ ನೂರರಲ್ಲಿ ಇರುವುದೇ ಇಲ್ಲ. ಮೊದಲ ಸಲಕ್ಕೇ ಸಿಕ್ಕವರೋ, ಮೂರನೇ ಸಲಕ್ಕೆ ಸಿಕ್ಕವರನ್ನೂ ಸೇರಿಸಿದ್ದಾರೋ? ಕೆರಿಬಿಯನ್ ದ್ವೀಪಗಳ ಕಾಲೇಜುಗಳೂ ಲೆಕ್ಕದಲ್ಲಿವೆಯೋ? ಮಗಳು ಇಷ್ಟನ್ನೂ ಇಮೇಲ್‌ನಲ್ಲಿ ಕೇಳಲಿ, ಫೋನಿನಲ್ಲಿ ಬೇಡ. ಜೊತೆಗೆ 'ನನ್ನಂತೆ 3.2 ಇಟ್ಟುಕೊಂಡು ಬಂದವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು' ಅಂತಲೂ ಕೇಳಲಿ. ಒಳ್ಳೆ ಪ್ರೋಗ್ರಾಂ ಇದಕ್ಕೆ ನೇರ ಉತ್ತರ ಕೊಡುತ್ತದೆ.

ಲಿಂಕೇಜ್ ಅಂದರೆ ಸೀಟು ಗ್ಯಾರಂಟಿ ಅಂತ ನಮ್ಮ ಜನ ತಿಳಿಯುತ್ತಾರೆ. ಅಲ್ಲ. ಪೋಸ್ಟ್‌ಬ್ಯಾಕ್ ಕಾಲೇಜಿಗೂ ಕೆಲವು ಮೆಡಿಕಲ್ ಕಾಲೇಜುಗಳಿಗೂ ಒಂದು ಒಪ್ಪಂದ ಇರುತ್ತದೆ. ಸಾಮಾನ್ಯವಾಗಿ ಕೋರ್ಸ್ ಮುಗಿಸಿ, ಎಂಕ್ಯಾಟ್ ಬರೆದು, ಅರ್ಜಿ ಹಾಕಿ ಕಾಯುವುದಕ್ಕೆ ಒಂದು ವರ್ಷ ಹೋಗುತ್ತದೆ. ಇಲ್ಲಿ ಅದನ್ನು ಗ್ಲೈಡ್ ಇಯರ್ ಅನ್ನುತ್ತಾರೆ. ಲಿಂಕೇಜ್ ಇದ್ದರೆ ಆ ವರ್ಷ ಉಳಿಯಬಹುದು, ಲಾಭ ಅಷ್ಟೇ. ಅದಕ್ಕೆ ಓದುತ್ತಿರುವಾಗಲೇ ಅರ್ಜಿ ಹಾಕಬೇಕು, ಅವರು ಹೇಳಿದ ಜಿಪಿಎ ಕೊನೆಯವರೆಗೂ ಉಳಿಸಿಕೊಳ್ಳಬೇಕು, ಕೆಲವು ಕಡೆ ಎಂಕ್ಯಾಟೂ ಬೇಕು. ಸಿಕ್ಕರೆ ಅಲ್ಲಿಗೇ ಹೋಗುತ್ತೇನೆ ಅಂತ ಮೊದಲೇ ಮಾತು ಕೊಡಬೇಕು, ಬೇರೆ ಕಡೆ ನೋಡುವ ಹಾಗಿಲ್ಲ. ಕ್ಲಾಸಿನಲ್ಲಿ ಮುಂದಿರುವ ಕೆಲವರಿಗೆ ಮಾತ್ರ ಸಿಗುವ ಬಾಗಿಲು ಅದು. ಅದನ್ನು ನಂಬಿ 60 ಸಾವಿರ ಕಟ್ಟಬೇಡಿ. ಸಿಕ್ಕರೆ ಬೋನಸ್.

ಉಳಿದದ್ದು ಮನೆ ಹತ್ತಿರದ ಯೂನಿವರ್ಸಿಟಿ, ಸಂಜೆ ಕ್ಲಾಸು. ನನ್ನ ಓಟು ಇದಕ್ಕೆ. ಕೆಲಸ ಬಿಡದೆ, ಮೊದಲ ಸೆಮಿಸ್ಟರ್‌ನಲ್ಲಿ ಜನರಲ್ ಕೆಮಿಸ್ಟ್ರಿ ಒಂದು, ಅದರ ಲ್ಯಾಬು, ಅಷ್ಟೇ. ಎರಡು ಸೈನ್ಸ್ ಬೇಡ. ಹದಿನೈದು ವಾರದಲ್ಲಿ ಗೊತ್ತಾಗುತ್ತದೆ. ಎ ಬಂದರೆ ಮುಂದೆ ಖಾಸಗಿ ಕಾಲೇಜಾಗಲಿ, ಕೊಲಂಬಿಯ ಆಗಲಿ, ಸಂಜೆ ಕ್ಲಾಸೇ ಆಗಲಿ, ಯಾವ ದಾರಿಯೂ ಮುಚ್ಚಿಲ್ಲ. ಕೆಲಸ ಬಿಡುವ ಮಾತು ಆರ್ಗ್ಯಾನಿಕ್ ಬಂದಾಗ ಆಡೋಣ. ಬಿ ಮೈನಸ್ ಬಂದರೆ? ಹೋದದ್ದು ಒಂದು ಕೋರ್ಸಿನ ಫೀಸು ಮತ್ತು ನಾಲ್ಕು ತಿಂಗಳು. ಸಂಬಳ ಬರುತ್ತಲೇ ಇರುತ್ತದೆ.

ಇದರಲ್ಲೂ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಡಿಗ್ರಿಗೆ ಸೇರದೆ ಬಿಡಿ ಕ್ಲಾಸಿಗೆ ಬರುವವರಿಗೆ ರಿಜಿಸ್ಟ್ರೇಶನ್ ಕೊನೆಯಲ್ಲಿ ತೆರೆಯುತ್ತದೆ. ಆರ್ಗ್ಯಾನಿಕ್ ಲ್ಯಾಬು ಆಗಲೇ ತುಂಬಿರುತ್ತದೆ. ಸಂಜೆ ಲ್ಯಾಬು ಇಲ್ಲದ ಸೆಮಿಸ್ಟರ್ ಕೂಡ ಇರುತ್ತದೆ, ಆಗ ಆಫೀಸಿನಲ್ಲಿ ಕೈಮುಗಿಯಬೇಕು. ಕಮಿಟಿ ಲೆಟರ್ ಸಿಗದೇ ಇರಬಹುದು. ಹಾಗಾದರೆ ಪಾಠ ಮಾಡಿದ ಪ್ರೊಫೆಸರುಗಳಿಂದ ಬೇರೆ ಬೇರೆ ಪತ್ರ ಪಡೆಯಬೇಕು. ಇನ್ನೂರು ಜನರ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದರೆ ಯಾರು ಬರೆದುಕೊಡುತ್ತಾರೆ? ಮೊದಲ ವಾರದಿಂದಲೇ ಅವರ ಆಫೀಸಿಗೆ ಹೋಗಿ ಡೌಟು ಕೇಳುವ ಅಭ್ಯಾಸ ಇರಲಿ. ಆನ್‌ಲೈನ್ ಲ್ಯಾಬನ್ನು ಎಲ್ಲ ಮೆಡಿಕಲ್ ಕಾಲೇಜುಗಳೂ ಒಪ್ಪುವುದಿಲ್ಲ, ಅದು ಬೇಡ. ನಿಮ್ಮ ಕೌಂಟಿಯ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ ಫೀಸು ಇನ್ನೂ ಕಡಿಮೆ. ಜನರಲ್ ಕೆಮಿಸ್ಟ್ರಿ ಅಲ್ಲಿ ಮಾಡಿದರೆ ಮಾನ ಹೋಗುವುದಿಲ್ಲ. ಆದರೆ ಆರ್ಗ್ಯಾನಿಕ್ ಮತ್ತು ಬಯೋಕೆಮಿಸ್ಟ್ರಿ ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲೇ ಆಗಲಿ.

ದುಡ್ಡಿನ ಲೆಕ್ಕವನ್ನು ಮುಂದಿನದರ ಜೊತೆ ಸೇರಿಸಿ ನೋಡಿ. ಪೋಸ್ಟ್‌ಬ್ಯಾಕ್‌ಗೆ ಸರ್ಕಾರಿ ಸಾಲ ಸಿಕ್ಕರೂ ಸಾಮಾನ್ಯವಾಗಿ ಒಂದು ಸಲ, ಹನ್ನೆರಡು ತಿಂಗಳ ಮಟ್ಟಿಗೆ. ನಿಮ್ಮ ಮಗಳ ವಯಸ್ಸಿನವರಿಗೆ ಹೆಚ್ಚೆಂದರೆ 12,500 ಡಾಲರ್, ಅದೂ ಪೂರ್ತಿ ಕೋರ್ಸಿನ ಅರ್ಧದಷ್ಟಾದರೂ ಓದುತ್ತಿದ್ದರೆ. ಉಳಿದದ್ದು ಕೈಯಿಂದ ಅಥವಾ ಖಾಸಗಿ ಸಾಲ. ಇನ್ನು ಮೆಡಿಕಲ್. ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಎಲ್ಲ ಸೇರಿ 3 ಲಕ್ಷ ಡಾಲರ್ ಮೀರುವುದು ಮಾಮೂಲು. ಮೊದಲು ಗ್ರಾಡ್ ಪ್ಲಸ್ ಅಂತ ಒಂದು ಸಾಲ ಇತ್ತು, ಖರ್ಚು ಎಷ್ಟಿದ್ದರೂ ಅಷ್ಟೂ ಸಿಗುತ್ತಿತ್ತು. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಅದು ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಉಳಿಸಿದ ದುಡ್ಡನ್ನು ಈಗಲೇ ಖಾಲಿ ಮಾಡಿಕೊಳ್ಳಬೇಡಿ. ಮುಂದೆ ಕೊರತೆ ಬೀಳುವುದು ಅಲ್ಲಿ.

ಡಿ.ಓ. ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕೂಟಗಳಲ್ಲಿ ಡಿ.ಓ. ಅಂದರೆ ಮುಖ ಸಿಂಡರಿಸುವವರಿದ್ದಾರೆ. ಸರ್ಜರಿ ಮಾಡುವುದಕ್ಕೂ, ಔಷಧಿ ಬರೆಯುವುದಕ್ಕೂ ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ ಅಧಿಕಾರ. 2020ರಿಂದ ರೆಸಿಡೆನ್ಸಿ, ಅಂದರೆ ಡಿಗ್ರಿ ಆದ ಮೇಲಿನ ಆಸ್ಪತ್ರೆ ತರಬೇತಿ, ಅದರ ವ್ಯವಸ್ಥೆಯೂ ಒಂದೇ. ನಿಮ್ಮ ರಾಜ್ಯದಲ್ಲೇ ಸ್ಟ್ರಾಟ್‌ಫರ್ಡ್‌ನಲ್ಲಿ ರೋವನ್ ಯೂನಿವರ್ಸಿಟಿಯ ಡಿ.ಓ. ಕಾಲೇಜಿದೆ. 3.33 ಇರುವವಳು ಅದನ್ನು ಪಟ್ಟಿಯಿಂದ ಬಿಟ್ಟರೆ ತಪ್ಪಾಗುತ್ತದೆ.

ನಿಮ್ಮ ಭಾವಮೈದನವರ ಮಾತು. ಎನ್‌ಆರ್‌ಐ ಸೀಟಿಗೂ ನೀಟ್ ಬರೆಯಲೇಬೇಕು, ದುಡ್ಡು ಕಟ್ಟಿದರೆ ಆಗುವ ಕೆಲಸ ಅಲ್ಲ. ಅದಕ್ಕೆ ಹನ್ನೆರಡನೇ ಕ್ಲಾಸಿನ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಆಮೇಲೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕಕ್ಕೆ ವಾಪಸ್ ಬರಲು ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆಗಳು, ಆಮೇಲೆ ಮ್ಯಾಚ್, ಅಂದರೆ ರೆಸಿಡೆನ್ಸಿ ಸೀಟು ಹಂಚಿಕೆ. 2024ರ ಮ್ಯಾಚ್‌ನಲ್ಲಿ ಇಲ್ಲಿನ ಎಂ.ಡಿ. ಕೊನೆ ವರ್ಷದವರಲ್ಲಿ ನೂರಕ್ಕೆ 93.5 ಜನಕ್ಕೆ, ಡಿ.ಓ.ಗಳಲ್ಲಿ 92.3 ಜನಕ್ಕೆ ಜಾಗ ಸಿಕ್ಕಿತು. ಹೊರದೇಶದಲ್ಲಿ ಓದಿ ಬಂದ ಅಮೆರಿಕನ್ ಸಿಟಿಜನ್‌ಗಳಲ್ಲಿ 67. ನಿಮ್ಮ ಮಗಳು ಆ ಕೊನೆಯ ಸಾಲಿಗೆ ಸೇರುತ್ತಾಳೆ. ಕರ್ನಾಟಕದಲ್ಲಿ ನೆಲೆಸುವ ಮನಸ್ಸಿದ್ದರೆ ಬೇರೆ ಮಾತು. ಇಲ್ಲೇ ಇರುವವಳಿಗೆ ಇದು ಹತ್ತಿರದ ದಾರಿ ಅಲ್ಲ. ಕೆರಿಬಿಯನ್ ಕಾಲೇಜಿಗೂ ಇದೇ ಮಾತು.

ವಯಸ್ಸು. 27ಕ್ಕೆ ಶುರು ಮಾಡಿದರೆ 30ರ ಆಸುಪಾಸಿನಲ್ಲಿ ಮೆಡಿಕಲ್ ಸೇರುತ್ತಾಳೆ. 34ಕ್ಕೆ ಡಿಗ್ರಿ. ಇಂಟರ್ನಲ್ ಮೆಡಿಸಿನ್ ಆದರೆ ಇನ್ನು ಮೂರು ವರ್ಷ ರೆಸಿಡೆನ್ಸಿ, ಸರ್ಜರಿ ಆದರೆ ಐದು. ರೆಸಿಡೆನ್ಸಿಯಲ್ಲಿ ಸಂಬಳ ಬರುತ್ತದೆ, ಈಗ ಅವಳಿಗೆ ಬರುವಷ್ಟು ಬರುವುದಿಲ್ಲ. ಕ್ಲಾಸಿನಲ್ಲಿ ಅವಳೊಬ್ಬಳೇ ದೊಡ್ಡವಳಾಗಿರುವುದಿಲ್ಲ, ಪದವಿ ಆಗಿ ಕೆಲವು ವರ್ಷ ಬಿಟ್ಟು ಬರುವವರು ಈಗ ಬಹಳ. ಮದುವೆ ವಿಷಯ ನನ್ನ ಇಲಾಖೆ ಅಲ್ಲ. ನನ್ನ ಹತ್ತಿರ ಬಂದವರಲ್ಲಿ ಪೋಸ್ಟ್‌ಬ್ಯಾಕ್ ಮಧ್ಯೆ ಮದುವೆಯಾದವರೂ ಇದ್ದಾರೆ, ಮಗು ಹೆತ್ತವರೂ ಇದ್ದಾರೆ ಅಂತ ಮಾತ್ರ ಹೇಳಬಲ್ಲೆ.

ಕೆಮಿಸ್ಟ್ರಿ ಜೊತೆಗೆ ಇನ್ನೊಂದು ಕೆಲಸ ಈಗಲೇ ಶುರುವಾಗಲಿ. ಅಜ್ಜಿಯ ಪಕ್ಕ ಏಳು ವಾರ ಕೂತದ್ದು ದೊಡ್ಡದು. ಆದರೆ ಅದು ತನ್ನವರ ಸೇವೆ. ಗೊತ್ತಿಲ್ಲದವರ ವಾಂತಿ, ಸಿಟ್ಟು, ರಾತ್ರಿ ಮೂರು ಗಂಟೆಯ ಫೋನು ಇವನ್ನೂ ನೋಡಿರಬೇಕು. ನ್ಯೂಜೆರ್ಸಿಯ ಬಹಳ ಊರುಗಳಲ್ಲಿ ವಾಲಂಟಿಯರ್ ಫಸ್ಟ್ ಏಡ್ ಸ್ಕ್ವಾಡ್‌ಗಳಿವೆ. ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ತಗೊಂಡು ವಾರಕ್ಕೊಂದು ರಾತ್ರಿ ಆಂಬುಲೆನ್ಸ್‌ನಲ್ಲಿ ಹೋಗಲಿ. ಅದಾಗದಿದ್ದರೆ ಆಸ್ಪತ್ರೆಯಲ್ಲಿ ಶನಿವಾರದ ಸೇವೆ. ಅರ್ಜಿಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಆರು ತಿಂಗಳಾದ ಮೇಲೂ ಹೋಗಬೇಕು ಅನ್ನಿಸುತ್ತದಾ ಅಂತ ಅವಳಿಗೂ ತಿಳಿಯುತ್ತದೆ. ಎಂಕ್ಯಾಟ್ ಆತುರ ಬೇಡ, ಬಯೋಕೆಮಿಸ್ಟ್ರಿ ಆದ ಮೇಲೆ. ಸುಮ್ನೆ ಪ್ರಾಕ್ಟೀಸಿಗೆ ಅಂತ ಒಮ್ಮೆಯೂ ಬರೆಯಬಾರದು, ಪ್ರತಿ ಸಲದ ಸ್ಕೋರೂ ಕಾಲೇಜಿನವರಿಗೆ ಕಾಣುತ್ತದೆ. ಜೀವಮಾನಕ್ಕೆ ಏಳೇ ಸಲ ಅನ್ನುವ ಮಿತಿಯೂ ಇದೆ.

ಮತ್ತೆ, ಇಷ್ಟು ಉದ್ದದ ಪತ್ರದಲ್ಲಿ ಮಗಳ ಮಾತು ಅಂತ ಇರುವುದು ಒಂದೇ ಸಾಲು. ಮುಂದಿನ ಸಲ ಅವಳೇ ಬರೆಯಲಿ, ಇಂಗ್ಲಿಷಿನಲ್ಲಾದರೂ ಸರಿ. ಆ ಸಿ ಯಾಕೆ ಬಂತು ಅಂತ ಅವಳ ಬಾಯಿಂದಲೇ ಕೇಳಬೇಕು. ಓದಲಿಲ್ಲವೋ, ಓದಿದರೂ ಹತ್ತಲಿಲ್ಲವೋ, ಮನೆಯಲ್ಲಿ ಆಗ ಏನಾದರೂ ನಡೆದಿತ್ತೋ? ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನು ನಿಮ್ಮ ಹೆಂಡತಿಯ ತಂಗಿ. ಅವರಿಗೆ ಪೋಸ್ಟ್‌ಬ್ಯಾಕ್ ಮಾಡಿಸಬೇಡಿ. ಎಚ್-4ನಲ್ಲಿ ಓದಲು ಅಡ್ಡಿ ಇಲ್ಲ. ಆದರೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಇಲ್ಲಿ ಕಡಿಮೆ. ಸರ್ಕಾರಿ ಸಾಲವೂ ಇಲ್ಲ. ಕೆಲವು ಕಡೆ ನಾಲ್ಕು ವರ್ಷದ ಖರ್ಚನ್ನು ಮೊದಲೇ ತೋರಿಸಬೇಕು. ಭಾರತದ ಅಂಕಗಳನ್ನು ಆಮ್‌ಕ್ಯಾಸ್ ಜಿಪಿಎಗೆ ಸೇರಿಸುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವರು ಆಗಲೇ ಡೆಂಟಿಸ್ಟ್ ಅಲ್ವಾ? ಹೊರದೇಶದ ಡೆಂಟಿಸ್ಟ್‌ಗಳಿಗೆ ಇಲ್ಲಿನ ಹಲವು ಡೆಂಟಲ್ ಕಾಲೇಜುಗಳಲ್ಲಿ ಎರಡರಿಂದ ಮೂರು ವರ್ಷದ ಕೋರ್ಸ್ ಇದೆ, ಮುಗಿಸಿದರೆ ಇಲ್ಲಿನದೇ ಡೆಂಟಲ್ ಡಿಗ್ರಿ. ಅರ್ಜಿ ಹಾಕುವ ವ್ಯವಸ್ಥೆಗೆ ಕ್ಯಾಪಿಡ್ ಅನ್ನುತ್ತಾರೆ, ಬರೆಯಬೇಕಾದ ಪರೀಕ್ಷೆ ಐಎನ್‌ಬಿಡಿಇ. ವೀಸಾದಲ್ಲಿರುವವರನ್ನು ತೆಗೆದುಕೊಳ್ಳುತ್ತಾರಾ ಅಂತ ಪ್ರತಿ ಕಾಲೇಜಿನ ನಿಯಮ ನೋಡಬೇಕು. ಫೀಸು ಅಲ್ಲೂ ಜಾಸ್ತಿಯೇ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಗ್ರಿ ಆಗಿದ್ದರೆ, ಅಲ್ಲಿಂದ ಬಿಡಿಎಸ್ ಟ್ರಾನ್ಸ್‌ಕ್ರಿಪ್ಟ್ ತರಿಸುವುದಕ್ಕೆ ಈ ತಿಂಗಳೇ ಅರ್ಜಿ ಹಾಕಲಿ. ಇಲ್ಲಿನ ಮೌಲ್ಯಮಾಪನಕ್ಕೆ ಮೊದಲು ಬೇಕಾಗುವುದು ಅದೇ.